ಅಣ್ಣನ ವಿಮಾನಕ್ಕೊಂದು ಮಾನಿಟರ್

ಅಣ್ಣ ಓಡಿಸುತ್ತಿದ್ದ ಖಾಸಗಿ ಬಸ್ಸು ಬೆಳಿಗ್ಗೆ ಚಿಂತಾಮಣಿಯಿಂದ ಹೊರಟು ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ಗೌರಿಬಿದನೂರು ಮುಟ್ಟುತ್ತಿತ್ತು. ಮತ್ತೆ ಅದೇ ದಾರಿಯಲ್ಲಿ ವಾಪಸು. ಒಂದು ದಿನ ಡ್ಯೂಟಿ, ಒಂದು ದಿನ ರಜೆ. ರಜೆಯ ದಿನ ತಿಂಡಿ ಮುಗಿಸಿ ಅವನು ಚಿಕ್ಕಬಳ್ಳಾಪುರದ ನನ್ನ ಅಂಗಡಿಗೆ ಬಂದು ಕೂರುತ್ತಿದ್ದ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ಫೋಟೊ ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ನಾನು ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೆ. ಇದು ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗದ ಕಾಲದ ಮಾತು.

ಒಮ್ಮೆ ಗಿರಾಕಿಯೊಬ್ಬರ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿ, ಅದು ಸರಿಯಾಗಿ ಓಡುತ್ತದೆಯೇ ಎಂದು ನೋಡಲು ವಿಮಾನ ಹಾರಿಸುವ ಆಟವೊಂದನ್ನು ಹಾಕಿದ್ದೆ. ಆಟ ಎಂದರೆ ಗುಂಡು ಹಾರಿಸುವ ಆಟವಲ್ಲ. ನಿಜವಾದ ಸಣ್ಣ ವಿಮಾನದಲ್ಲಿ ಕೂತಂತೆಯೇ ಇರುತ್ತಿತ್ತು. ಪರದೆಯ ಮೇಲರ್ಧದಲ್ಲಿ ಆಕಾಶ, ರನ್‌ವೇ. ಕೆಳಗರ್ಧದಲ್ಲಿ ವೇಗ, ಎತ್ತರ ತೋರಿಸುವ ಮುಳ್ಳುಗಳ ಸಾಲು. ಅಣ್ಣ ನನ್ನ ಪಕ್ಕದ ಸ್ಟೂಲಿನಲ್ಲಿ ಕೂತು ಒಂದು ಗಂಟೆ ಬಾಯಿ ಬಿಡದೆ ನೋಡಿದ. ಆಮೇಲೆ, "ಸ್ವಲ್ಪ ಜರುಗೋ" ಅಂದು ನನ್ನ ಕುರ್ಚಿಗೆ ಬಂದ.

ಅವತ್ತಿನಿಂದ ಅವನಿಗೆ ಅದರ ಹುಚ್ಚು ಹಿಡಿಯಿತು. "ಇದ್ರಲ್ಲಿ ಸೀಟಿ ಹೊಡೆಯೋರಿಲ್ಲ, ಹತ್ತೋರಿಲ್ಲ, ಇಳಿಯೋರಿಲ್ಲ. ಚಿಲ್ಲರೆ ಜಗಳ ಇಲ್ಲ. ಸುಮ್ನೆ ಹೋಗ್ತಾ ಇರಬೋದು ನೋಡು" ಅನ್ನುತ್ತಿದ್ದ. ಇಪ್ಪತ್ತು ವರ್ಷ ಒಂದೇ ದಾರಿಯಲ್ಲಿ ಹೋಗಿ ಬಂದವನು ಹಾಗೆ ಅಂದಾಗ ನನಗೆ ಏನೋ ಅನ್ನಿಸಿತು. ಅಂಗಡಿಯಲ್ಲಿ ಬಿದ್ದಿದ್ದ ಹಳೆಯ ಭಾಗಗಳನ್ನೆಲ್ಲ ಜೋಡಿಸಿ ಅವನಿಗೊಂದು ಕಂಪ್ಯೂಟರ್ ಮಾಡಿಕೊಟ್ಟೆ. ಯಾವುದೋ ಆಫೀಸಿನವರು ಬೇಡವೆಂದು ಎಸೆದಿದ್ದ ಹದಿನೈದು ಇಂಚಿನ ದಪ್ಪ ಮಾನಿಟರನ್ನು ಅದಕ್ಕೆ ಸಿಕ್ಕಿಸಿದೆ. ಅದೇ ಊರಿನ ಇನ್ನೊಂದು ಬೀದಿಯಲ್ಲಿದ್ದ ಅವನ ಮನೆಯ ನಡುಮನೆಯಲ್ಲಿ, ಗೋಡೆಗೆ ತಾಗಿದ್ದ ಕಿರಿದಾದ ಮೇಜಿನ ಮೇಲೆ ಅದನ್ನು ಇಟ್ಟೆವು.

ಮೊದಮೊದಲು ಅವನು ಚೆನ್ನಾಗಿಯೇ ಹಾರಿಸಿದ. ಡ್ರೈವರಿನ ಕೈ, ಅವಸರವಿಲ್ಲದ ಕೈ. ಮೇಲೇರಿಸುವುದು, ನೇರವಾಗಿ ಹೋಗುವುದು ಎಲ್ಲ ನನಗಿಂತ ಬೇಗ ಕಲಿತ. ಇಳಿಸುವುದು ಮಾತ್ರ ಆಗಲಿಲ್ಲ. ರನ್‌ವೇ ಕಡೆಗೆ ಎಡಕ್ಕೆ ತಿರುಗಿಸುವಾಗ ಅದು ಎಲ್ಲಿದೆಯೆಂದು ತಪ್ಪಿಹೋಗುತ್ತಿತ್ತು. ವೇಗದ ಮುಳ್ಳು ಎಡಮೂಲೆಯಲ್ಲಿತ್ತು. ಅದು ಇಳಿಯುತ್ತಾ ಬಂದರೂ ಇವನಿಗೆ ಗೊತ್ತಾಗುತ್ತಿರಲಿಲ್ಲ. ವಿಮಾನ ಕಲ್ಲಿನ ಹಾಗೆ ಕೆಳಗೆ ಬೀಳುತ್ತಿತ್ತು. ನಾನು ಹಿಂದೆ ನಿಂತು, "ಸ್ಪೀಡ್ ನೋಡಣ್ಣ, ಸ್ಪೀಡ್ ನೋಡು" ಅನ್ನುತ್ತಿದ್ದೆ.

"ಏನ್ ನೋಡೋದು ಮಣ್ಣು! ಎಡಗಡೆ ಏನೂ ಸರಿಯಾಗಿ ಕಾಣಲ್ಲ ಕಣೋ. ಮಾನಿಟರ್ ಹೋಗಿದೆ ಇದು."

ಯುಗಾದಿ ಕಳೆದ ಹೊಸತರಲ್ಲಿ ಅವನು ಈ ಮಾತು ಮೊದಲು ಹೇಳಿದ್ದು. ನಾನು ಮಾನಿಟರ್ ಬಿಚ್ಚಿ ನೋಡಿದೆ. ಪಿಕ್ಚರ್ ಟ್ಯೂಬ್ ಹಳೆಯದು, ಮೂಲೆಗಳಲ್ಲಿ ಅಕ್ಷರ ಸ್ವಲ್ಪ ಹರಡಿದಂತೆ ಕಾಣುತ್ತಿದ್ದದ್ದು ನಿಜ. ಅಷ್ಟು ಸಾಕಾಯಿತು ನನಗೆ. ಹನ್ನೆರಡು ವರ್ಷ ನಾನು ಮಾಡಿದ ಕೆಲಸವೇ ಅದು. ಯಾರಾದರೂ ಪರದೆ ಕಾಣುವುದಿಲ್ಲ ಅಂದರೆ ನಾನು ನೋಡುವುದು ಪರದೆಯನ್ನು.

ಚಿಂತಾಮಣಿಯಲ್ಲಿ ನನಗೆ ಪರಿಚಯದ ಒಬ್ಬ ಸಾಬರಿದ್ದರು. ಟಿವಿ ರಿಪೇರಿಯಿಂದ ಶುರುಮಾಡಿ ಆಮೇಲೆ ಬೆಂಗಳೂರಿನ ಆಫೀಸುಗಳಿಂದ ಹಳೆಯ ಕಂಪ್ಯೂಟರ್ ಸಾಮಾನು ಕೊಂಡು ಮಾರುತ್ತಿದ್ದವರು. ಅವರ ಹತ್ತಿರ ಹದಿನೇಳು ಇಂಚಿನದೊಂದು ಅಗ್ಗಕ್ಕೆ ಸಿಕ್ಕಿತು. ಅದೂ ದಪ್ಪ ಮಾನಿಟರೇ. ಅಣ್ಣನ ಬಸ್ಸಿನಲ್ಲೇ ಹಿಂದಿನ ಸೀಟಿನಲ್ಲಿಟ್ಟುಕೊಂಡು ತಂದೆವು. ದೊಡ್ಡ ಪರದೆ ಬಂದರೆ ಎಲ್ಲ ಕಾಣುತ್ತದೆ ಎಂದು ಅಣ್ಣ ಹಿಗ್ಗಿದ್ದ.

ಆದದ್ದು ತಿರುಗಾಮುರುಗಾ. ಅದರ ಹಿಂಭಾಗ ಎಷ್ಟು ಉದ್ದವಿತ್ತೆಂದರೆ, ಆ ಕಿರಿದಾದ ಮೇಜಿನ ಮೇಲೆ ಇಟ್ಟಾಗ ಪರದೆ ಅಣ್ಣನ ಮುಖದ ಹತ್ತಿರಕ್ಕೇ ಬಂದುಬಿಟ್ಟಿತು. ಅವನು ಮುಳ್ಳುಗಳನ್ನು ನೋಡಲು ಕತ್ತನ್ನೇ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿಸತೊಡಗಿದ.

"ಏನಣ್ಣ, ಬಸ್ಸು ರಿವರ್ಸ್ ತಗೊಳ್ಳೋ ಹಂಗೆ ನೋಡ್ತೀಯಲ್ಲ" ಎಂದು ನಾನು ನಕ್ಕೆ. ಅವನೂ ನಕ್ಕ.

ಅತ್ತಿಗೆ ನಗಲಿಲ್ಲ. ಅವರು ಅಂಗನವಾಡಿ ಟೀಚರ್, ಮಕ್ಕಳ ಮೇಲೆ ಕಣ್ಣಿಟ್ಟು ಅಭ್ಯಾಸವಾದವರು. ನಾನು ಹೊರಡುವಾಗ ಬಾಗಿಲ ತನಕ ಬಂದು, "ಈ ದೊಡ್ಡದು ಬಂದ ಮೇಲೆ ಇವ್ರಿಗೆ ತಲೆನೋವು ಜಾಸ್ತಿಯಾಗಿದೆ ಕಣಪ್ಪ. ಊಟಕ್ಕೆ ಕೂತಾಗ ಎಡಗಡೆ ಇಟ್ಟಿದ್ದ ನೀರಿನ ಲೋಟ ದಿನಾ ಉರುಳಿಸ್ತಾರೆ. ಜ್ಞಾನ ಎಲ್ಲಾ ಅದ್ರ ಮೇಲೇ" ಎಂದರು.

ಲೋಟದ ಮಾತನ್ನು ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ತಲೆನೋವಿಗೆ ನನ್ನ ಹತ್ತಿರ ಉತ್ತರವಿತ್ತು. ಪರದೆ ಮಿನುಗುವುದು ಜಾಸ್ತಿಯಾಗಿದ್ದರೆ ತಲೆ ನೋಯುತ್ತದೆ. ಒಳಗೆ ಹೋಗಿ ಅದರ ವೇಗ ಬದಲಾಯಿಸಿ, "ಈಗ ಸರಿಹೋಗುತ್ತೆ ಬಿಡಿ ಅತ್ತಿಗೆ" ಎಂದು ಬಂದೆ.

ಸರಿಹೋಗಲಿಲ್ಲ. ಆಗಷ್ಟೇ ಚಪ್ಪಟೆ ಮಾನಿಟರುಗಳು ನಮ್ಮ ಕೈಗೆಟುಕುವ ಬೆಲೆಗೆ ಬರುತ್ತಿದ್ದವು. ಅಣ್ಣನಿಗೆ ಅದೇ ಬೇಕಾಯಿತು. ರಜೆಯ ದಿನವೆಲ್ಲ ನನ್ನ ಅಂಗಡಿಯಲ್ಲಿ ಕೂತು ಅದೇ ಲೆಕ್ಕಾಚಾರ. ದಪ್ಪ ಮಾನಿಟರಿನಲ್ಲಿ ಮಾಡಿದ ಹಾಗೆ ಚಪ್ಪಟೆಯದರಲ್ಲಿ ಚಿತ್ರದ ಅಳತೆ ತಗ್ಗಿಸಿದರೆ ಮಸುಕಾಗುತ್ತದೆ. ಹಾಗಾಗಿ ಹದಿನೇಳು ಇಂಚಿನದು ತಂದರೆ ಅವನ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ಅಷ್ಟು ದೊಡ್ಡ ಚಿತ್ರ ಎಳೆಯುವ ಶಕ್ತಿಯಿಲ್ಲ, ವಿಮಾನ ಕುಂಟುತ್ತದೆ. ಹದಿನೈದರದು ತಂದರೆ ಸಲೀಸಾಗಿ ಓಡುತ್ತದೆ, ಆದರೆ ಅವನಿಗೆ ಸಣ್ಣದು ಬೇಡ. ಕೆಲವು ಚಪ್ಪಟೆ ಪರದೆಗಳಲ್ಲಿ ವೇಗವಾಗಿ ತಿರುಗಿದರೆ ಚಿತ್ರದ ಹಿಂದೆ ನೆರಳು ಬಾಲದಂತೆ ಎಳೆಯುತ್ತದೆ. ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತದೆ. ಇವೆಲ್ಲವನ್ನೂ ನಾನು ಅವನಿಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದೆ. ಅಷ್ಟು ಗೊತ್ತಿದೆ ಎಂಬ ಜಂಬವೂ ನನಗಿತ್ತು.

"ಆಯುಧಪೂಜೆಗೆ ಮಾಲೀಕರು ಏನಾದ್ರೂ ಕೊಡ್ತಾರಲ್ಲ, ಆಗ ತಗೊಳ್ಳಣ. ಅಲ್ಲಿವರೆಗೂ ಇದ್ರಲ್ಲೇ ಏಗ್ತೀನಿ" ಎಂದ ಅಣ್ಣ.

ಹಾಗೆ ಬೇಸಿಗೆ ಹೋಯಿತು, ಮಳೆಗಾಲವೂ ಹೋಯಿತು. ಆಯುಧಪೂಜೆ ಆದ ವಾರದಲ್ಲಿ ಇಬ್ಬರೂ ಚಿಂತಾಮಣಿಗೆ ಹೋದೆವು. ಸಾಬರು ಹದಿನೈದರದೊಂದು, ಹದಿನೇಳರದೊಂದು ಅಕ್ಕಪಕ್ಕ ಇಟ್ಟು ಹಚ್ಚಿದರು. ಪರದೆಯಲ್ಲಿ ಎಲ್ಲಾದರೂ ಸತ್ತ ಜಾಗ ಇದೆಯೇ ಎಂದು ನೋಡಲು ಅವರ ಹತ್ತಿರ ಒಂದು ಪುಟ್ಟ ಪ್ರೋಗ್ರಾಂ ಇತ್ತು. ಕಪ್ಪು ಪರದೆಯ ತುಂಬ ಸಾಲುಸಾಲಾಗಿ ಬಿಳಿ ಚುಕ್ಕೆಗಳು, ನಡುವೆ ಒಂದು ಕೆಂಪು ಚುಕ್ಕೆ. ಅಣ್ಣನನ್ನು ಅದರ ಮುಂದೆ ಕೂರಿಸಿದರು.

"ತಲೆ ಅಲ್ಲಾಡಿಸಿದ್ರೆ ಇದ್ರಲ್ಲಿ ಬಣ್ಣ ಬದಲಾಗುತ್ತೆ ಭಾಯ್. ಅದಕ್ಕೇ ನೆಟ್ಟಗೆ ಕೂತ್ಕೊಂಡು ಕೆಂಪು ಚುಕ್ಕೇನೇ ನೋಡ್ತಾ ಇರಿ. ಸುತ್ತ ಎಲ್ಲಾ ಚುಕ್ಕೆ ಒಂದೇ ತರ ಬೆಳಗ್ತಾ ಇದಾವಾ, ಹೇಳಿ."

ಅಣ್ಣ ನೋಡಿದ. "ಎಡಗಡೆ ಚುಕ್ಕೆಗಳೇ ಇಲ್ವಲ್ಲ. ಇದೂ ಹಾಳಾಗಿರೋದೇನಾ?"

ನಾನು ಅವನ ಹೆಗಲ ಮೇಲಿಂದ ನೋಡುತ್ತಿದ್ದೆ. ಚುಕ್ಕೆಗಳು ಈ ಅಂಚಿನಿಂದ ಆ ಅಂಚಿನವರೆಗೆ ಒಂದೂ ತಪ್ಪದೆ ಹೊಳೆಯುತ್ತಿದ್ದವು.

ಸಾಬರು ನನ್ನ ಮುಖ ನೋಡಿದರು. ಇನ್ನೊಂದು ಮಾನಿಟರಿನಲ್ಲಿ ಅದೇ ಚುಕ್ಕೆಗಳನ್ನು ತಂದರು. ಅಣ್ಣ ಅದಕ್ಕೂ ಅದನ್ನೇ ಹೇಳಿದ. ಆಮೇಲೆ ಅವರು ಅಣ್ಣನ ಎಡಬದಿಗೆ ಬಂದು ನಿಂತು, ಅವನ ಕಿವಿಯ ಪಕ್ಕದಿಂದ ತಮ್ಮ ಕೈಯನ್ನು ಬೆರಳು ಆಡಿಸುತ್ತಾ ನಿಧಾನವಾಗಿ ಮುಂದೆ ತಂದರು. ಕೈ ಸುಮಾರು ಮೂಗಿನ ನೇರಕ್ಕೆ ಬರುವತನಕ ಅಣ್ಣ ಅಲುಗಲಿಲ್ಲ. ಬಂದಾಗ ಬೆಚ್ಚಿಬಿದ್ದು ಹಿಂದಕ್ಕೆ ಸರಿದ.

"ನಮ್ಮ ಅಮ್ಮೀಗೂ ಹಿಂಗೇ ಆಗಿತ್ತು" ಎಂದರು ಸಾಬರು. "ಮೊದ್ಲು ಕಣ್ಣಿನ ಡಾಕ್ಟ್ರ ಹತ್ರ ಹೋಗಿ. ಈಗ ಮಾನಿಟರ್ ನಾನು ಕೊಡಲ್ಲ."

ಅಣ್ಣನಿಗೆ ಸಿಟ್ಟು ಬಂತು. "ಇಪ್ಪತ್ತು ವರ್ಷದಿಂದ ಗಾಡಿ ಓಡಿಸ್ತಾ ಇದೀನಿ ಸಾಬ್ರೇ. ಒಂದು ಕೋಳಿ ಮೇಲೂ ಹತ್ತಿಸಿಲ್ಲ. ದೂರದ ಬೋರ್ಡು ಈಗ್ಲೂ ಓದ್ತೀನಿ."

"ಅಮ್ಮೀನೂ ಸೂಜಿಗೆ ದಾರ ಪೋಣಿಸ್ತಾ ಇದ್ರು" ಎಂದು ಅವರು ಮೆಲ್ಲಗೆ ಹೇಳಿದರು.

ಬೆಂಗಳೂರಿನ ಕಣ್ಣಿನ ಆಸ್ಪತ್ರೆಯಲ್ಲಿ ಅಣ್ಣನನ್ನು ಒಂದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದರು. ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ದೀಪವನ್ನೇ ನೋಡುತ್ತಾ, ಸುತ್ತ ಎಲ್ಲಿ ಬೆಳಕು ಮಿಂಚಿದರೂ ಕೈಯಲ್ಲಿದ್ದ ಗುಂಡಿ ಒತ್ತಬೇಕು. ನಾನು ಹೊರಗೆ ಬೆಂಚಿನ ಮೇಲಿದ್ದೆ. ಅರ್ಧ ತೆರೆದ ಬಾಗಿಲಿನಿಂದ ಗುಂಡಿಯ ಸದ್ದು ಕೇಳುತ್ತಿತ್ತು. ಟಕ್, ಟಕ್ ಎಂದು ಎರಡು ಮೂರು ಸಲ. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಒಳಗೆ ಬೆಳಕುಗಳು ಬಂದು ಹೋಗುತ್ತಿವೆ, ಇವನಿಗೆ ಕಾಣುತ್ತಿಲ್ಲ ಎಂದು ನನಗೆ ಅರ್ಥವಾಗುತ್ತಿತ್ತು. ಅವನಿಗೆ ಅದೂ ಗೊತ್ತಿರಲಿಲ್ಲ. ಹೊರಗೆ ಬಂದು, "ಸುಲಭ ಇತ್ತು ಕಣೋ, ಎಲ್ಲಾ ಒತ್ತಿದೆ" ಎಂದ.

ಡಾಕ್ಟರಮ್ಮ ಕಾಗದವನ್ನು ಮುಂದಿಟ್ಟರು. ಎರಡು ಕಣ್ಣಿಗೆ ಎರಡು ವೃತ್ತ. ಎಡಗಣ್ಣಿನದು ಹೆಚ್ಚುಕಮ್ಮಿ ಪೂರ್ತಿ ಕಪ್ಪು. ಬಲಗಣ್ಣಿನದರಲ್ಲಿ ಮೂಗಿನ ಕಡೆಯಿಂದ ಕಪ್ಪು ನುಗ್ಗಿತ್ತು. ಗ್ಲಾಕೋಮಾ ಎಂದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸಾಯುತ್ತಾ ಬರುತ್ತದೆ, ಅಂಚಿನಿಂದ ಶುರುವಾಗುವುದರಿಂದ ರೋಗಿಗೆ ತಿಳಿಯುವುದೇ ಇಲ್ಲ ಎಂದರು.

"ಹೋಗಿರೋದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬೇಕು. ಜೀವನಪೂರ್ತಿ ಡ್ರಾಪ್ಸ್ ಹಾಕ್ಬೇಕು. ಯಾವಾಗಿಂದ ಗೊತ್ತಾಗಿದ್ದು ನಿಮಗೆ?"

ಅಣ್ಣ ನನ್ನ ಕಡೆ ನೋಡಿದ. "ಆರು ತಿಂಗಳು ಆಗಿರಬೋದು ಮೇಡಂ. ಮಾನಿಟರಿಂದು ಅನ್ಕೊಂಡಿದ್ವಿ."

ಅವರಿಗೆ ಆ ಮಾತು ಅರ್ಥವಾಗಲಿಲ್ಲವೆಂದು ಕಾಣುತ್ತದೆ, ಅದನ್ನು ಅಲ್ಲಿಗೇ ಬಿಟ್ಟರು. "ಏನು ಕೆಲಸ ಮಾಡ್ತೀರಾ?"

"ಇವ್ನು ನನ್ನ ತಮ್ಮ. ಇವ್ನ ಅಂಗಡೀಲಿ ಇರ್ತೀನಿ" ಎಂದ ಅಣ್ಣ.

"ಸರಿ. ಗಾಡಿ ಗೀಡಿ ಓಡಿಸಬೇಡಿ ಮತ್ತೆ. ಸ್ಕೂಟರ್ ಕೂಡ ಬೇಡ."

ನಾನು ಅಲ್ಲೇ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಅವರು ಬರೆದ ಹನಿಯ ಚೀಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ವಾಪಸು ಬರುವಾಗ ಬಸ್ಸು ದೇವನಹಳ್ಳಿ ದಾಟಿತು. ಆಮೇಲೆ ನಾನೇ ಕೇಳಿದೆ, "ಯಾಕಣ್ಣ ಸುಳ್ಳು ಹೇಳ್ದೆ?"

"ಮುಂದೆ ಎಲ್ಲಾ ಕಾಣುತ್ತೆ ಕಣೋ ನಂಗೆ. ರಸ್ತೆ ಮುಂದೆ ತಾನೇ ಇರೋದು?"

"ಅಣ್ಣ..."

"ಮಗಳದು ಪಿಯುಸಿ ಮುಗೀಲಿ. ಒಂದೇ ಒಂದು ವರ್ಷ. ಆಮೇಲೆ ನಾನೇ ಬಿಡ್ತೀನಿ. ನಿಮ್ಮತ್ತಿಗೆಗೆ ಡ್ರಾಪ್ಸ್ ವಿಷಯ ಹೇಳು, ಗಾಡಿ ವಿಷಯ ಬೇಡ."

ನಾನು ಹೂಂ ಅಂದೆ. ಬೇಡವೆನ್ನಲು ಆಗಲಿಲ್ಲ. ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಡಿಪ್ಲೊಮಾದ ಫೀಸು ಕಟ್ಟಲು ಮದುವೆಯಾದ ಹೊಸತರಲ್ಲೇ ಡಬಲ್ ಡ್ಯೂಟಿ ಮಾಡಿದವನು. ಅವನ ಕೈಯಿಂದ ಸ್ಟೇರಿಂಗ್ ಕಸಿಯಲು ನಾನ್ಯಾರು ಅನ್ನಿಸಿತು. ಜೊತೆಗೆ ಆರು ತಿಂಗಳು ಅವನನ್ನು ಮಾನಿಟರಿನಿಂದ ಮಾನಿಟರಿಗೆ ತಿರುಗಿಸಿದವನೂ ನಾನೇ.

ಮೂರು ವಾರ ಹಾಗೇ ಕಳೆಯಿತು. ಅವನ ಡ್ಯೂಟಿಯ ದಿನ ನನಗೆ ಅಂಗಡಿಯಲ್ಲಿ ಕೆಲಸ ಸಾಗುತ್ತಿರಲಿಲ್ಲ. ಮಧ್ಯಾಹ್ನ ಅವನ ಬಸ್ಸಿನ ಹಾರನ್ ಕೇಳಿ, ಕಿಟಕಿಯಿಂದ ಬಗ್ಗಿ ಅವನನ್ನು ನೋಡಿದ ಮೇಲೆಯೇ ಊಟ ಮಾಡುತ್ತಿದ್ದೆ.

ಒಂದು ಬೆಳಿಗ್ಗೆ ಚಿಂತಾಮಣಿಯಲ್ಲಿ ಸಾಮಾನು ತೆಗೆದುಕೊಂಡು ಅವನ ಬಸ್ಸಿನಲ್ಲೇ ಹಿಂತಿರುಗುತ್ತಿದ್ದೆ. ಎಂಜಿನ್ ಪಕ್ಕದ ಉದ್ದನೆಯ ಸೀಟಿನಲ್ಲಿ ಜಾಗ ಸಿಕ್ಕಿತ್ತು. ಶಿಡ್ಲಘಟ್ಟ ಇನ್ನೊಂದು ಮೈಲಿಯಿದೆ ಅನ್ನುವಾಗ ಮುಂದೆ ಎಡಗಡೆ ಒಬ್ಬ ಮೊಪೆಡ್ಡಿನ ಮೇಲೆ ಹೋಗುತ್ತಿದ್ದ. ಹಿಂದೆ ಎರಡು ದೊಡ್ಡ ಗೂಡಿನ ಮೂಟೆ ಕಟ್ಟಿಕೊಂಡು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಹೊರಟಿದ್ದ. ನನಗೆ ಅವನು ತುಂಬ ದೂರದಿಂದಲೇ ಕಾಣುತ್ತಿದ್ದ. ಎದುರಿನಿಂದ ಒಂದು ಲಾರಿ ಬಂತು. ಅಣ್ಣ ಲಾರಿಗೆ ದಾರಿ ಬಿಡಲು ಬಸ್ಸನ್ನು ಎಡಕ್ಕೆ ತಂದ. ಆರಾಮವಾಗಿ ತಂದ, ಅಲ್ಲಿ ಯಾರೂ ಇಲ್ಲದ ಹಾಗೆ.

"ಅಣ್ಣಾ!" ಎಂದು ಕಿರುಚಿದೆ.

ಬ್ರೇಕ್ ಬಿತ್ತು. ಅಷ್ಟರಲ್ಲಿ ಬಸ್ಸಿನ ಮೈ ಮೂಟೆಗೆ ತಾಗಿತ್ತು. ಮೊಪೆಡ್ ಪಕ್ಕದ ಹಳ್ಳಕ್ಕೆ ಬಿತ್ತು. ಮೂಟೆ ಒಡೆದು ಗೂಡೆಲ್ಲ ರಸ್ತೆಗೆ ಚೆಲ್ಲಿತು. ನಾವು ಇಳಿದು ಓಡುವಾಗ ಕಾಲ ಕೆಳಗೆ ಅವು ಪಟಪಟ ಒಡೆಯುತ್ತಿದ್ದವು. ಆ ಮನುಷ್ಯ ಬಲಗೈಯನ್ನು ಎದೆಗೆ ಒತ್ತಿಕೊಂಡು ಹಳ್ಳದಲ್ಲಿ ಕೂತಿದ್ದ. ಮಣಿಕಟ್ಟು ಇರಬೇಕಾದ ಹಾಗಿರಲಿಲ್ಲ. "ಕಳ್ಳು ಲೇವಾ ನೀಕು?" ಎಂದು ಅಣ್ಣನನ್ನು ತೆಲುಗಿನಲ್ಲಿ ಕೇಳಿದ. ನಿನಗೆ ಕಣ್ಣಿಲ್ಲವಾ ಎಂದು.

ಅಣ್ಣ ಸುತ್ತ ಸೇರಿದ ಜನಕ್ಕೆ ಹೇಳುತ್ತಿದ್ದ, "ಎಲ್ಲಿಂದ ಬಂದ್ನೋ ಗೊತ್ತಿಲ್ಲ ಸ್ವಾಮಿ. ದಿಢೀರಂತ ಅಡ್ಡ ಬಂದ." ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನ ಪಾಲಿಗೆ ಆ ಮನುಷ್ಯ ಬಂದದ್ದು ಹಾಗೆಯೇ.

ಗಾಯಗೊಂಡವನನ್ನು ಬಸ್ಸಿನ ಕ್ಲೀನರ್ ಹುಡುಗ ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ಜನ ಚದುರಿದ ಮೇಲೆ ಅಣ್ಣ ಮತ್ತೆ ಸ್ಟೇರಿಂಗ್ ಮುಂದೆ ಕೂತ. ಅವನ ಮುಂದೆ ಅಡ್ಡ ನಿಂತು, ಬೇಡ, ಇಳಿ ಅನ್ನಬೇಕಾಗಿತ್ತು ನಾನು. ಅನ್ನಲಿಲ್ಲ. "ನಾನು ಆಮೇಲೆ ಬರ್ತೀನಿ" ಎಂದಷ್ಟೇ ಹೇಳಿ ಅಲ್ಲೇ ಉಳಿದೆ. ಎದುರಿನಿಂದ ಬಂದ ಬಸ್ಸು ಹತ್ತಿ ಚಿಂತಾಮಣಿಗೆ ಮರಳಿ, ಬಸ್ಸಿನ ಮಾಲೀಕರ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಎಲ್ಲವನ್ನೂ ಹೇಳಿದೆ. ಆಸ್ಪತ್ರೆ, ಕಪ್ಪು ವೃತ್ತ, ಬೆಳಗಿನ ಮೊಪೆಡ್.

"ನಿಜಮೇನಾ?" ಎಂದು ತೆಲುಗಿನಲ್ಲೇ ಎರಡು ಸಲ ಕೇಳಿದರು. ಆಮೇಲೆ, "ಮೂರು ವಾರದಿಂದ ಗೊತ್ತಿತ್ತಾ ನಿಂಗೆ? ಗಾಡಿ ತುಂಬ ಜನ ಕೂತಿರ್ತಾರಲ್ಲಯ್ಯಾ" ಎಂದರು. ಅವರು ಫೋನು ಮಾಡಿ ಬೇರೆ ಡ್ರೈವರನ್ನು ಗೌರಿಬಿದನೂರಿಗೆ ಕಳಿಸಿದರು. ಅವತ್ತು ಅಣ್ಣ ತನ್ನ ಬಸ್ಸಿನಲ್ಲೇ ಪ್ಯಾಸೆಂಜರ್ ಸೀಟಿನಲ್ಲಿ ಕೂತು ಮನೆಗೆ ಬಂದ.

ಮಾರನೆಯ ಬೆಳಿಗ್ಗೆ ಅಂಗಡಿಯ ಮೆಟ್ಟಿಲು ಹತ್ತಿ ಬಂದ. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತ.

"ನೀನು ಹೇಳಿದ್ದಾ?"

"ಹೂಂ."

ಬೈಯುತ್ತಾನೆ, ಹೊಡೆದರೂ ಹೊಡೆದಾನು ಅಂದುಕೊಂಡಿದ್ದೆ. "ಆ ಮನುಷ್ಯ ಹಳ್ಳದಲ್ಲಿ ಕೂತಿದ್ದನ್ನ ನೋಡಿದ ಮೇಲೆ ನಾನೇ ಹೋಗಿ ಹೇಳ್ತಾ ಇದ್ದೆ ಕಣೋ. ಗೌರಿಬಿದನೂರಿಂದ ಬಂದವನೇ ಹೇಳೋನಿದ್ದೆ. ಅಷ್ಟಾದ್ರೂ ನಂಗೆ ಬಿಡಬೋದಿತ್ತು ನೀನು" ಎಂದ. ಗೋಡೆ ಹಿಡಿದುಕೊಂಡು ಮೆಟ್ಟಿಲು ಇಳಿದ. ಅವನು ಹೇಳುತ್ತಿದ್ದನೋ ಇಲ್ಲವೋ, ಅದು ನನಗೆ ಇವತ್ತಿಗೂ ತಿಳಿಯದು.

ಮಾಲೀಕರು ಕೆಟ್ಟವರಲ್ಲ. ಚಿಕ್ಕಬಳ್ಳಾಪುರದ ಸ್ಟ್ಯಾಂಡಿನಲ್ಲಿ ಜನರನ್ನು ಕೂಗಿ ಹತ್ತಿಸುವ ಏಜೆಂಟ್ ಕೆಲಸ ಕೊಟ್ಟರು. ನನ್ನ ಕಿಟಕಿಯಿಂದ ಅವನ ದನಿ ಕೇಳುತ್ತಿತ್ತು. "ಮಂಚೇನಹಳ್ಳಿ, ಗೌರಿಬಿದ್ನೂರ್, ಗೌರಿಬಿದ್ನೂರ್." ಅವನು ನನ್ನ ಜೊತೆ ಮಾತು ಬಿಟ್ಟ. ಕಣ್ಣಿನ ಹನಿಗಳನ್ನು ಬೆಂಗಳೂರಿನಿಂದ ನಾನೇ ತಂದು ಅತ್ತಿಗೆಯ ಕೈಗೆ ಕೊಡುತ್ತಿದ್ದೆ. ಅದು ಅವನಿಗೆ ಗೊತ್ತಿತ್ತು, ಬೇಡವೆನ್ನಲಿಲ್ಲ.

ಮರುವರ್ಷ ಸಾಬರ ಹತ್ತಿರವೇ ಹದಿನೈದು ಇಂಚಿನ ಚಪ್ಪಟೆ ಮಾನಿಟರ್ ಕೊಂಡೆ. ಈ ಸಲ ಬೇರೆ ರೀತಿ ಆರಿಸಿದ್ದೆ. ಕಾಗದ ಸುತ್ತಿ, ಅಣ್ಣನಿಗೆ ಉಳಿದಿರುವ ನೋಟದಷ್ಟೇ ಸಣ್ಣ ತೂತಿನ ಕೊಳವೆ ಮಾಡಿ, ನನ್ನ ಕಣ್ಣಿಗೆ ಹಿಡಿದುಕೊಂಡು ಒಂದೊಂದು ಪರದೆಯನ್ನೂ ಬೇರೆಬೇರೆ ದೂರದಿಂದ ನೋಡಿದ್ದೆ. ಸಣ್ಣ ಪರದೆಯನ್ನು ದೂರಕ್ಕೆ ತಳ್ಳಿದರೆ ಮಾತ್ರ ಅದು ಪೂರ್ತಿ ಆ ತೂತಿನೊಳಗೆ ಕೂರುತ್ತಿತ್ತು. ಚಪ್ಪಟೆಯಾದ್ದರಿಂದ ಅಣ್ಣನ ಮೇಜಿನ ಮೇಲೆ ಗೋಡೆಗೆ ಒತ್ತಿ ಇಡಬಹುದಾಗಿತ್ತು. ಅವನು ಸ್ಟ್ಯಾಂಡಿಗೆ ಹೋಗಿದ್ದಾಗ ಇಟ್ಟು, ಕುರ್ಚಿ ಎಲ್ಲಿರಬೇಕೆಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಬಂದೆ.

"ಹಾರಿಸಿದ್ರಪ್ಪ" ಎಂದರು ಅತ್ತಿಗೆ, ನಾಲ್ಕು ದಿನದ ಮೇಲೆ. "ಎರಡು ಸಲ ಇಳಿಸಿದ್ರು, ಬೀಳಲಿಲ್ಲ. ಆಮೇಲೆ ಆಫ್ ಮಾಡ್ಬಿಟ್ರು. ಯಾಕೆ ಅಂದ್ರೆ, ಕೂತ್ಕೊಂಡ್ರೆ ಆ ಗೂಡಿನ ಮನುಷ್ಯ ನೆನಪಾಗ್ತಾನೆ ಅಂತಾರೆ." ಅವನು ಮತ್ತೆ ಅದನ್ನು ಮುಟ್ಟಲಿಲ್ಲ.

ಮೂರನೆಯ ವರ್ಷ ಆಸ್ಪತ್ರೆಗೆ ಹೋಗಬೇಕಾದ ದಿನ ಅತ್ತಿಗೆಗೆ ಜ್ವರ. ನಾನೇ ಕರೆದುಕೊಂಡು ಹೋದೆ. ಬೆಂಗಳೂರಿನಲ್ಲಿ ಬಸ್ಸಿಳಿದು ರಸ್ತೆ ದಾಟಬೇಕಾದಾಗ ಅವನು ನಿಂತುಬಿಟ್ಟ. ಗಾಡಿಗಳ ಸದ್ದಿಗೆ ಆಚೆ ಈಚೆ ಕತ್ತು ತಿರುಗಿಸಿದ. "ಎಡಗಡೆ ಬಾ" ಎಂದ. ಮೂರು ವರ್ಷದಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ನಾನು ಎಡಕ್ಕೆ ಬಂದೆ. ಅವನು ನನ್ನ ತೋಳು ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು.

ಡಾಕ್ಟರಮ್ಮ ಹಳೆಯ ಕಾಗದವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ನೋಡಿದರು. ಬಲಗಣ್ಣಿನ ಕಪ್ಪು ಸ್ವಲ್ಪ ಮುಂದೆ ಬಂದಿತ್ತು. ಹನಿ ಬದಲಾಯಿಸಿ ನೋಡೋಣ ಎಂದರು. ಅಣ್ಣ ಎದ್ದು ಹೊರಗೆ ಹೋದ. ಮೊದಲೇ ಬಂದಿದ್ದರೆ, ಆ ಆರು ತಿಂಗಳು ಹಾಳಾಗದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಕೇಳಲು ನಾನು ಹಿಂದೆ ಉಳಿದೆ. ಅವರು ತಲೆಯೆತ್ತಿ, "ಏನಾದ್ರೂ ಕೇಳ್ಬೇಕಿತ್ತಾ?" ಎಂದರು.

"ಇಲ್ಲ ಮೇಡಂ" ಎಂದು ಚೀಟಿ ತೆಗೆದುಕೊಂಡು ಬಂದೆ.